ಸಿಡ್ನಿಯ ಸೂರ್ಯ, ಮೈಸೂರಿನ ರಾಹುಕಾಲ

ಶಿಸ್ತಿನ ಮನುಷ್ಯನ ಸುತ್ತಲೇ ಅಶಿಸ್ತಿನ ಪ್ರಸಂಗಗಳು ಹೆಚ್ಚಾಗಿ ನಡೆಯುತ್ತವೆ. ನಾನು ಮೈಸೂರಿನಲ್ಲಿ ಗಣಿತ ಕಲಿಸುತ್ತಿದ್ದಾಗ ಅವು ತಿಂಗಳಿಗೊಂದು ನಡೆಯುತ್ತಿದ್ದವು. ಎಂಬತ್ತರ ದಶಕದ ಕೊನೆಯಲ್ಲಿ ಸಿಡ್ನಿಯ ಪಶ್ಚಿಮದ ಅಂಚಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿದ ಮೇಲೆ ವಾರಕ್ಕೊಂದು ನಡೆದವು. ಯಾವುದನ್ನೂ ನಾನು ಆಹ್ವಾನಿಸಿದವನಲ್ಲ. ಆ ಶಾಲೆ ಬೆಳೆದ ಬಗೆಗೆ ಸಂಬಂಧಿಸಿದ ಕೆಲವನ್ನು ಮಾತ್ರ ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

೧. ಹಾಜರಿ

ನಾನು ಡೆಪ್ಯುಟಿ ಪ್ರಿನ್ಸಿಪಾಲನಾಗಿ ಸೇರಿದಾಗ ಶಾಲೆಗಿದ್ದದ್ದು ಮೂರು ಮರದ ಕೋಣೆ, ಒಂದು ಗಂಟೆ, ಸುತ್ತಲೂ ಕುದುರೆ ಮೇಯುವ ಬಯಲು. ಪ್ರಿನ್ಸಿಪಾಲರು ಅದೇ ಸಬರ್ಬ್‌ನಲ್ಲಿ ಹುಟ್ಟಿ ಬೆಳೆದ ಮಹಿಳೆ. ಶಾಲೆ ತೆರೆದ ದಿನದಿಂದಲೂ ಇದ್ದವರು. ಅವರು ಆ ದೇಶದ ರೂಢಿಯಂತೆ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾನು ನಮ್ಮ ರೂಢಿಯಂತೆ ಕೊನೆಯವರೆಗೂ ‘ಮೇಡಂ’ ಎಂದೆ.

ಮೇಡಂ ಅವರಿಗೆ ಇದ್ದದ್ದು ಒಂದೇ ಆಸೆ. ನಿವೃತ್ತಿಗೆ ಮೊದಲು ಶಾಲೆಗೆ ಇಟ್ಟಿಗೆಯ ಕಟ್ಟಡವಾಗಬೇಕು, ಅದರೊಳಗೆ ಎಲ್ಲ ಮಕ್ಕಳೂ ಕೂಡುವ ಒಂದು ಹಾಲ್ ಇರಬೇಕು. ಮಳೆಗೆ ಬೆಳಗಿನ ಅಸೆಂಬ್ಲಿ ರದ್ದಾದರೆ ಅವರು ಅದನ್ನು ಸ್ವಂತ ಅವಮಾನವೆಂದು ಎಣಿಸುತ್ತಿದ್ದರು. ಶಿಕ್ಷಣ ಇಲಾಖೆಯ ಉತ್ತರವೂ ಒಂದೇ: ಮೊದಲು ಮಕ್ಕಳ ಸಂಖ್ಯೆ ತೋರಿಸಿ.

ಸಂಖ್ಯೆ ಪರಿಶೀಲಿಸಲು ಒಬ್ಬ ಅಧಿಕಾರಿ ಬಂದರು. ಮೇಡಂ ಜೊತೆ ನನ್ನ ತರಗತಿಯ ಹಿಂಬದಿಯಲ್ಲಿ ನಿಂತು, ಕಿಟಕಿಯಾಚೆಯ ಬಯಲನ್ನು ನೋಡಿ, “ಇಲ್ಲಿ ಮಕ್ಕಳು ಎಲ್ಲಿಂದ ಬರಬೇಕು?” ಎಂದರು. ಉತ್ತರಿಸುವುದು ಮೇಡಂ ಅವರ ಕೆಲಸ. ನಾನು ಹಾಜರಿ ಕೂಗುವುದನ್ನು ಮುಂದುವರಿಸಿದೆ. ಜ್ವರದಿಂದ ಮನೆಯಲ್ಲಿ ಮಲಗಿದ್ದ ಒಬ್ಬ ಹುಡುಗಿಯ ಹೆಸರು ಕರೆದೆ. ಅದೇ ಕ್ಷಣಕ್ಕೆ ಪಕ್ಕದ ಬಯಲಿನ ಕುದುರೆಯೊಂದು ಕಿಟಕಿಯೊಳಗೆ ತಲೆ ತೂರಿಸಿ ಗಟ್ಟಿಯಾಗಿ ಕೆನೆಯಿತು.

ತರಗತಿ ನಗಲಿಲ್ಲ. ನನ್ನ ತರಗತಿಯಲ್ಲಿ ಅನುಮತಿಯಿಲ್ಲದೆ ನಗುವಂತಿರಲಿಲ್ಲ. ಮೇಡಂ ಅಧಿಕಾರಿಗೆ ಹೇಳಿದರು: “ನೋಡಿ, ಈಗಾಗಲೇ ಬರುತ್ತಿದ್ದಾರೆ.”

೨. ಮೆಟ್ಟಿಲು

ಬಯಲಿನಲ್ಲಿ ಸರ್ವೆಯವರ ಗೂಟಗಳೆದ್ದವು. ಗೂಟಗಳ ನಡುವೆ ಮನೆಗಳೆದ್ದವು. ಮಕ್ಕಳು ಬಂದರು. ಇಲಾಖೆ ಇಟ್ಟಿಗೆಯ ಬದಲು ಡಿಮೌಂಟಬಲ್ ಎಂಬ ಕೋಣೆಗಳನ್ನು ಕಳುಹಿಸಿತು. ಇವು ಲಾರಿಯ ಮೇಲೆ ಇಡಿಯಾಗಿ ಬರುತ್ತವೆ; ಗಾಲಿಯಿಲ್ಲದ ಬಸ್ಸಿನಂತೆ ಗಿಡ್ಡ ಕಂಬಗಳ ಮೇಲೆ ಕೂರುತ್ತವೆ; ಬೇರೊಂದು ಶಾಲೆಗೆ ಬೇಕಾದರೆ ಲಾರಿಯ ಮೇಲೆಯೇ ಹೋಗುತ್ತವೆ. ಒಂದು ಬದಿಗೆ ಮರದ ಮೆಟ್ಟಿಲನ್ನು ಬೇರೆಯಾಗಿ ಜೋಡಿಸಿರುತ್ತಾರೆ.

ನಾನು ಎಲ್ಲ ತರಗತಿಗಳಿಗೂ ಒಂದು ನಿಯಮ ಕಲಿಸಿದ್ದೆ. ಗಂಟೆಯಾದೊಡನೆ ತಮ್ಮ ಮೆಟ್ಟಿಲಿನ ಎದುರು ಎರಡು ಸಾಲಿನಲ್ಲಿ ನಿಲ್ಲಬೇಕು. ಹೇಳುವವರೆಗೆ ಒಳಗೆ ಹೋಗಬಾರದು. ಪ್ರಶ್ನೆ ಕೇಳಬಾರದು.

ರಜೆ ಮುಗಿದ ಮೊದಲ ದಿನ ಗಂಟೆ ಬಾರಿಸಿ ಬಂದೆ. ನಾಲ್ಕನೆಯ ತರಗತಿಯವರು ಎರಡು ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಂತಿದ್ದರು. ಅವರ ಎದುರು ಮೆಟ್ಟಿಲಿತ್ತು. ಮೆಟ್ಟಿಲಿನ ಆಚೆಗೆ ಆಕಾಶವಿತ್ತು. ರಜೆಯಲ್ಲಿ ಇಲಾಖೆಯವರು ಕೋಣೆಯನ್ನು ಬೇರೊಂದು ಶಾಲೆಗೆ ಒಯ್ದಿದ್ದರು. ಹಲಗೆ, ಭೂಪಟ, ನನ್ನ ಹಾಜರಿ ಪುಸ್ತಕ, ಎಲ್ಲವೂ ಒಳಗೇ ಇದ್ದವು.

ಮೇಡಂ ನನ್ನ ಪಕ್ಕದಲ್ಲಿ ಬಂದು ನಿಂತರು. “ಇದಕ್ಕೇ ನಾನು ಹೇಳುವುದು,” ಎಂದರು. “ಇಟ್ಟಿಗೆಯನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ.”

ಆಗ ಮೊದಲ ಸಾಲಿನ ಹುಡುಗಿ ಕೈ ಎತ್ತಿದಳು. “ಸರ್, ಈಗ ನಾವು ಒಳಗೆ ಹೋಗಬಹುದೇ?”

೩. ಬೆತ್ತ

ತೊಂಬತ್ತರ ದಶಕ ಆರಂಭವಾಗುವ ಹೊತ್ತಿಗೆ ನಮ್ಮವರೂ ಆ ಸಬರ್ಬ್‌ಗೆ ಬರತೊಡಗಿದರು. ಮೊದಲು ಬಂದವರು ಮೈಸೂರಿನ ಒಬ್ಬ ಎಂಜಿನಿಯರ್. ಮಗನನ್ನು ಮೂರನೆಯ ತರಗತಿಗೆ ಸೇರಿಸಬೇಕಿತ್ತು. ಶಾಲೆಯಲ್ಲಿ ಕನ್ನಡದವನೊಬ್ಬನಿದ್ದಾನೆಂದು ತಿಳಿದು ಅವರಿಗೆ ಧೈರ್ಯ ಬಂದಿತ್ತು. ಆದರೂ ಮೇಡಂ ಎದುರಿಗೇ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟರು: “ಮೇಡಂ, ಓದದಿದ್ದರೆ ಸರಿಯಾಗಿ ನಾಲ್ಕು ಬಿಗಿಯಿರಿ. ನಮ್ಮ ಅಭ್ಯಂತರ ಏನೂ ಇಲ್ಲ.”

ಮೇಡಂ ನನ್ನ ಕಡೆ ತಿರುಗಿದರು. ಈ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಬೆತ್ತವನ್ನು ನಿಲ್ಲಿಸಲಾಗಿದೆ ಎಂದು ನಾನು ವಿವರಿಸಿದೆ.

“ಪೂರ್ತಿನಾ ಸಾರ್?” ಎಂದರು ಎಂಜಿನಿಯರ್, ಕನ್ನಡಕ್ಕೆ ಹೊರಳಿ.

“ಪೂರ್ತಿ.”

“ಕಿವಿ ಹಿಂಡೋದು?”

“ಅದೂ ಇಲ್ಲ.”

“ಬೆಂಚ್ ಮೇಲೆ ನಿಲ್ಲಿಸೋದು?”

“ಬೆಂಚುಗಳೇ ಇಲ್ಲ. ಮಕ್ಕಳು ಕಾರ್ಪೆಟ್ಟಿನ ಮೇಲೆ ಕೂರುತ್ತಾರೆ.”

ಅವರು ಕುರ್ಚಿಯಲ್ಲಿ ಒರಗಿದರು. “ಹಂಗಾದ್ರೆ ಸ್ವಲ್ಪ ಯೋಚನೆ ಮಾಡ್ಬೇಕಾಗತ್ತೆ ಸಾರ್. ಇನ್ನೊಂದೆರಡು ಸ್ಕೂಲ್ ನೋಡ್ಕೊಂಡು ಬರ್ತೀವಿ.” ಒಂದು ಮಗು ಕೈತಪ್ಪುತ್ತಿದೆ ಎಂಬುದು ಮೇಡಂ ಅವರಿಗೆ ಭಾಷೆ ತಿಳಿಯದೆಯೂ ತಿಳಿಯಿತು.

ತಂದೆಯ ಪಕ್ಕದಲ್ಲಿ ಕುಳಿತಿದ್ದ ಮಗ ಕನ್ನಡವನ್ನೆಲ್ಲ ಅರ್ಥಮಾಡಿಕೊಂಡಿದ್ದ. ತಾನೇ ಬ್ಯಾಗನ್ನು ಹೆಗಲಿಗೇರಿಸಿ, ಮೇಡಂ ಪಕ್ಕಕ್ಕೆ ಹೋಗಿ ನಿಂತು, ಇಂಗ್ಲಿಷಿನಲ್ಲಿ ಉತ್ತರಿಸಿದ: “ಡ್ಯಾಡ್, ಐ ಲೈಕ್ ದಿಸ್ ಸ್ಕೂಲ್.”

೪. ಒಂದು ಮಗು ಕಡಿಮೆ

ಕೆಲವು ವರ್ಷಗಳ ಮೇಲೆ ಇಲಾಖೆ ಕೊನೆಗೂ ಮಾತು ಕೊಟ್ಟಿತು. ಫೆಬ್ರವರಿಯ ಒಂದು ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ದಾಖಲಾತಿಯ ಪಟ್ಟಿಯನ್ನು ಫ್ಯಾಕ್ಸ್ ಮಾಡಬೇಕು. ನಿಗದಿಯಾದ ಸಂಖ್ಯೆ ಇದ್ದರೆ ಇಟ್ಟಿಗೆಯ ಕಟ್ಟಡ. ಇಲ್ಲದಿದ್ದರೆ ಮೂರು ವರ್ಷಗಳ ಬಳಿಕ ಹೊಸ ಅರ್ಜಿ. ಮೇಡಂ ಅವರ ಸೇವೆ ಉಳಿದಿದ್ದದ್ದು ಎರಡು ವರ್ಷ.

ಆ ಬೆಳಿಗ್ಗೆ ಎಣಿಸಿದೆ. ಒಂದು ಮಗು ಕಡಿಮೆ. ಮತ್ತೆ ಎಣಿಸಿದೆ. ಒಂದು ಮಗು ಕಡಿಮೆ.

ಹತ್ತೂ ಮುಕ್ಕಾಲಿಗೆ ಅದೇ ಎಂಜಿನಿಯರ್ ಹೆಂಡತಿಯೊಡನೆ ಬಂದರು. ಐದು ವರ್ಷದ ಮಗಳನ್ನು ಸೇರಿಸಬೇಕಿತ್ತು. ಮೇಡಂ ಆ ಮಗುವನ್ನು ನೋಡಿದ ರೀತಿಯಲ್ಲಿ ಯಾರೂ ಯಾರನ್ನೂ ನೋಡಿದ್ದನ್ನು ನಾನು ಕಂಡಿಲ್ಲ. ಅರ್ಜಿ ತುಂಬಿಯಾಯಿತು. ಸಹಿಯ ಜಾಗಕ್ಕೆ ಬಂದಾಗ ಎಂಜಿನಿಯರ್ ಗಡಿಯಾರ ನೋಡಿ, ಪೆನ್ನಿಗೆ ಮುಚ್ಚಳ ಹಾಕಿದರು.

“ಸಾರ್, ತಪ್ಪು ತಿಳ್ಕೋಬೇಡಿ. ಇವತ್ತು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಮಗಳ ಮೊದಲನೇ ಸ್ಕೂಲು. ಹನ್ನೆರಡು ಹೊಡೆದ ತಕ್ಷಣ ಸೈನ್ ಮಾಡಿಬಿಡ್ತೀನಿ.”

ನಾನು ಮೇಡಂ ಅವರಿಗೆ ತಿಳಿಸಿದೆ: ರಾಹು ಒಪ್ಪುವುದಿಲ್ಲವಂತೆ, ಹನ್ನೆರಡರವರೆಗೆ.

“ಈ ರಾಹು ಯಾವ ಆಫೀಸಿನವರು?” ಎಂದು ಅವರು ಟೆಲಿಫೋನ್ ಎತ್ತಿಕೊಂಡರು. “ನಾನೇ ಮಾತನಾಡುತ್ತೇನೆ.”

ರಾಹುವಿನಲ್ಲಿ ನನಗೆ ನಂಬಿಕೆಯಿಲ್ಲ. ಭಾಗಾಕಾರದಲ್ಲಿದೆ. ಸ್ಟಾಫ್ ರೂಮಿನಿಂದ ಅಂದಿನ ಪತ್ರಿಕೆ ತರಿಸಿ, ಸೂರ್ಯೋದಯ ಮತ್ತು ಸೂರ್ಯಾಸ್ತದ ಸಮಯಗಳನ್ನು ಮೇಡಂ ಕೋಣೆಯ ಹಲಗೆಯ ಮೇಲೆ ಬರೆದೆ.

“ನೀವು ಎಂಜಿನಿಯರ್. ಗಮನವಿಟ್ಟು ನೋಡಿ. ರಾಹುಕಾಲ ಎಂದರೆ ಹಗಲಿನ ಎಂಟನೆಯ ಒಂದು ಭಾಗ. ಶುಕ್ರವಾರಕ್ಕೆ ನಾಲ್ಕನೆಯ ಭಾಗ. ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನಿಗೆ ಹತ್ತೂವರೆ. ಇಂದು ಇಲ್ಲಿ ಸೂರ್ಯ ಹುಟ್ಟಿದ್ದು ಆರು ಇಪ್ಪತ್ತಮೂರಕ್ಕೆ, ಮುಳುಗುವುದು ಏಳು ನಲವತ್ತೆಂಟಕ್ಕೆ. ಬೇಸಿಗೆಗೆ ಗಡಿಯಾರವನ್ನೂ ಒಂದು ಗಂಟೆ ಮುಂದೆ ತಳ್ಳಿದ್ದಾರೆ. ಎಂಟರಿಂದ ಭಾಗಿಸಿ.”

ಅವರು ಜೇಬಿನಿಂದ ಕ್ಯಾಲ್ಕ್ಯುಲೇಟರ್ ತೆಗೆದರು. ನಾನು ಹಲಗೆಯ ಮೇಲೆ ಮಾಡಿದೆ. ಇಬ್ಬರ ಉತ್ತರವೂ ಒಂದೇ: ರಾಹುಕಾಲ ಆರಂಭವಾಗುವುದು ಹನ್ನೊಂದು ಇಪ್ಪತ್ತೈದಕ್ಕೆ. ಮುಗಿಯುವುದು ಒಂದು ಗಂಟೆ ದಾಟಿದ ಮೇಲೆ.

“ಹನ್ನೆರಡರವರೆಗೆ ಕಾದರೆ ನೀವು ಅದರ ನಟ್ಟನಡುವೆ ಸಹಿ ಹಾಕುತ್ತೀರಿ. ಈಗ ಹನ್ನೊಂದು ಹತ್ತು.”

ಎಂಜಿನಿಯರ್ ಮುಚ್ಚಳ ಕಿತ್ತು ಸಹಿ ಮಾಡಿದರು. ಮೇಡಂ ಅರ್ಜಿಯನ್ನು ಕಸಿದುಕೊಂಡು ಫ್ಯಾಕ್ಸ್ ಯಂತ್ರದತ್ತ ಓಡಿದರು. ಶಾಲೆಯ ಕಾರಿಡಾರಿನಲ್ಲಿ ಓಡಬಾರದೆಂಬ ನಿಯಮ ಅವರದೇ.

ಕೋಣೆಯಲ್ಲಿ ಸಂತೋಷವಿತ್ತು. ಎಂಜಿನಿಯರರ ಹೆಂಡತಿ ಮಾತ್ರ ಹಲಗೆಯನ್ನೇ ನೋಡುತ್ತಿದ್ದರು.

“ರೀ,” ಎಂದರು ಮೆಲ್ಲಗೆ, “ಹೋದ ಶುಕ್ರವಾರ ಹನ್ನೆರಡೂ ಕಾಲಿಗೆ ಗೃಹಪ್ರವೇಶ ಮಾಡಿದ್ವಲ್ಲ?”

ನಾನು ಹಲಗೆ ಒರೆಸಿದೆ.

೫. ವಿಚಾರಣೆಗಳು

ಸುದ್ದಿ ಹರಡಿತು. ಕನ್ನಡದ ಮನೆಗಳಿಂದ ಟೆಲಿಫೋನ್ ಕರೆಗಳು ಬರತೊಡಗಿದವು. ಸಮಯದ ಉಳಿತಾಯಕ್ಕಾಗಿ ನಾನು ಪ್ರತಿ ತಿಂಗಳಿಗೂ ವಾರದ ಏಳು ದಿನಗಳ ರಾಹುಕಾಲದ ಪಟ್ಟಿಯೊಂದನ್ನು ಸಿದ್ಧಪಡಿಸಿದೆ. ಮೇಡಂ ತಾವೂ ಒಂದು ಪ್ರತಿ ಕೇಳಿ ಪಡೆದು, ಕೋಣೆಯ ಗೋಡೆಗೆ ಅಂಟಿಸಿಕೊಂಡರು. “ನನ್ನ ಕಟ್ಟಡ ಮಂಜೂರಾದದ್ದು ಇದರಿಂದ,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಮೆಲ್ಬರ್ನ್‌ನಿಂದಲೂ ಒಬ್ಬರು ಕರೆ ಮಾಡಿದರು. ಅಲ್ಲಿಯ ಸೂರ್ಯೋದಯ ಬೇರೆ, ಪಟ್ಟಿಯೂ ಬೇರೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ.

“ಸಾರ್, ನಾನು ಸಿಡ್ನಿಯಿಂದ ಕಾರಲ್ಲಿ ಹೊರಟು ಮೆಲ್ಬರ್ನ್‌ಗೆ ಬರ್ತಾ ಇದ್ದೀನಿ ಅಂತಿಟ್ಕೊಳ್ಳಿ. ದಾರೀಲಿ ಯಾವ ಊರಿನ ರಾಹುಕಾಲ ಲೆಕ್ಕ? ಬಿಟ್ಟ ಊರಿಂದೋ, ಸೇರೋ ಊರಿಂದೋ?”

“ಸೀಟ್ ಬೆಲ್ಟ್ ಹಾಕಿಕೊಳ್ಳಿ,” ಎಂದು ಟೆಲಿಫೋನ್ ಇಟ್ಟೆ.

೬. ಕತ್ತರಿ

ಕಟ್ಟಡ ಎದ್ದಿತು. ಕೆಂಪು ಇಟ್ಟಿಗೆ, ಒಳಗೆ ಹಾಲ್. ಮೇಡಂ ನಿವೃತ್ತರಾಗುವ ಡಿಸೆಂಬರಿನಲ್ಲೇ ಉದ್ಘಾಟನೆ ನಿಶ್ಚಯವಾಯಿತು: ಗುರುವಾರ ಬೆಳಿಗ್ಗೆ ಹತ್ತು ಗಂಟೆ, ಮಂತ್ರಿಗಳಿಂದ. ಆಹ್ವಾನ ಪತ್ರಿಕೆಯಲ್ಲಿ ಮಂತ್ರಿಗಳ ಹೆಸರು ದಪ್ಪಕ್ಷರದಲ್ಲಿತ್ತು. ಮೇಡಂ ಹೆಸರು ಇರಲಿಲ್ಲ. ಅವರು ಆಕ್ಷೇಪಿಸಲಿಲ್ಲ. ಆಹ್ವಾನ ಪತ್ರಿಕೆಯನ್ನು ಎರಡು ಸಲ ಓದಿ, ಮಡಿಸಿ ಇಟ್ಟರು.

ಹತ್ತಾಯಿತು. ಮಂತ್ರಿಗಳಿಲ್ಲ. ಹತ್ತೂವರೆಗೆ ಫೋನ್ ಬಂತು: ಇನ್ನೂ ತಡವಾಗುತ್ತದೆ, ಕಾಯಿರಿ. ಮಕ್ಕಳು ಹೊರಗೆ ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು. ಸಾಲು ಕೆಡಲಿಲ್ಲ, ಆದರೆ ಎಂಜಿನಿಯರರ ಪುಟ್ಟ ಮಗಳ ಮುಖ ಕೆಂಪೇರಿ, ಟೋಪಿ ಜಾರುತ್ತಿತ್ತು. ರಿಬ್ಬನ್ನಿನ ಪಕ್ಕದಲ್ಲಿ ತಟ್ಟೆ ಮತ್ತು ಕತ್ತರಿ ಹಿಡಿದು ನಾನು ನಿಂತಿದ್ದೆ. ಎದುರಿಗೆ, ಕುದುರೆ ಕೆನೆದ ದಿನ ಬಂದಿದ್ದ ಅದೇ ಇಲಾಖೆಯ ಅಧಿಕಾರಿ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮೇಡಂ ಮೈಕಿನ ಮುಂದೆ ಹೋದರು.

“ನಮ್ಮ ಶಾಲೆ ಬೆಳೆದದ್ದು ಇಲ್ಲಿಗೆ ಬಂದ ಕುಟುಂಬಗಳಿಂದ. ಅವರ ಸಂಪ್ರದಾಯವನ್ನು ನಾವು ಗೌರವಿಸಬೇಕು. ಇನ್ನು ಏಳು ನಿಮಿಷಕ್ಕೆ ರಾಹುಕಾಲ ಆರಂಭವಾಗುತ್ತದೆ. ಆಮೇಲೆ ಬಾಗಿಲು ತೆರೆಯುವಂತಿಲ್ಲ. ನನ್ನ ಡೆಪ್ಯುಟಿಯ ಲೆಕ್ಕ ಎಂದೂ ತಪ್ಪಿಲ್ಲ.”

ಅಧಿಕಾರಿ ನನ್ನತ್ತ ತಿರುಗಿದರು. “ಇದು ನಿಜವೇ?”

ತಿದ್ದುವುದು ನನ್ನ ವೃತ್ತಿ. ಬಾಯಿ ತೆರೆದೆ. ಅಷ್ಟರಲ್ಲಿ ಸಭೆಯ ಮಧ್ಯದಿಂದ ಎಂಜಿನಿಯರ್ ಎದ್ದು ನಿಂತು, ಗಡಿಯಾರ ತಟ್ಟಿ ತೋರಿಸಿ, “ಹೌದು, ಹೌದು, ಟೈಮೇ ಇಲ್ಲ!” ಎಂದು ಇಂಗ್ಲಿಷಿನಲ್ಲಿ ಕೂಗಿದರು. ಅವರ ಹೆಂಡತಿ ಗಾಬರಿಯಿಂದ ಎದೆಯ ಮೇಲೆ ಕೈಯಿಟ್ಟುಕೊಂಡರು. ಹಿಂದಿನ ಸಾಲಿನ ಕನ್ನಡದವರೆಲ್ಲ ಗಂಭೀರವಾಗಿ ತಲೆಯಾಡಿಸಿದರು.

ಜೀವನದಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ನಾನು ಕ್ಷಮಿಸಿದ್ದಿಲ್ಲ. ಅಂದೂ ನಾನು ಸುಳ್ಳು ಹೇಳಲಿಲ್ಲ. “ನನ್ನ ಪಟ್ಟಿಯಲ್ಲಿ ಹನ್ನೊಂದು ಗಂಟೆ ಎರಡು ನಿಮಿಷ ಎಂದಿದೆ,” ಎಂದೆ. ಯಾವ ದಿನಕ್ಕೆ ಎಂದು ಅವರು ಕೇಳಲಿಲ್ಲ.

ತಟ್ಟೆಯನ್ನು ಮೇಡಂ ಮುಂದೆ ಹಿಡಿದೆ. ಅವರು ರಿಬ್ಬನ್ ಕತ್ತರಿಸಿದರು. ಮಕ್ಕಳು ಎರಡು ಸಾಲಿನಲ್ಲಿ ತಂಪಾದ ಹಾಲ್‌ನೊಳಗೆ ನಡೆದರು. ಕೊನೆಯ ಮಗು ಒಳಗೆ ಹೋಗುವವರೆಗೂ ಮೇಡಂ ಇಟ್ಟಿಗೆಯ ಗೋಡೆಯ ಮೇಲೆ ಅಂಗೈ ಊರಿ ನಿಂತಿದ್ದರು.

ಮಂತ್ರಿಗಳು ಬಂದದ್ದು ಊಟದ ಹೊತ್ತಿಗೆ. ಸಂಪ್ರದಾಯದ ವಿಷಯ ಕೇಳಿ, ಶಾಲೆಯನ್ನು ಬಹಳವಾಗಿ ಮೆಚ್ಚಿಕೊಂಡರು. ಅವರು ಊಟಕ್ಕೆ ಕುಳಿತ ಮೇಲೆ ನಾನು ಮೇಡಂ ಅವರನ್ನು ಪಕ್ಕಕ್ಕೆ ಕರೆದೆ.

“ಮೇಡಂ, ಒಂದು ತಿದ್ದುಪಡಿ. ಇಂದು ಗುರುವಾರ. ನೀವು ಓದಿದ್ದು ಶುಕ್ರವಾರದ ಸಾಲು. ಇಂದಿನ ರಾಹುಕಾಲ ಆರಂಭವಾಗುವುದು ಎರಡೂವರೆಯ ನಂತರ.”

“ಗೊತ್ತು,” ಎಂದರು ಮೇಡಂ. “ಅದಕ್ಕೇ ಮಂತ್ರಿಗಳ ಭಾಷಣವನ್ನು ಎರಡು ನಲವತ್ತಕ್ಕೆ ಇಟ್ಟಿದ್ದೇನೆ.”