ಆರ್ದ್ರಾ ಸಿಡಿಯಲಿ, ಆಮೇಲೆ ಕಾರು

ಊರಿಗೆಲ್ಲ ಕಾರು ಕಲಿಸುವವನು ಕಟ್ಟಿಕೊಂಡ ಹೆಂಡತಿಗೆ ಮಾತ್ರ ಕಲಿಸಲಿಲ್ಲ ಎಂಬುದು ನನ್ನ ಮೇಲಿರುವ ಆರೋಪ. ಕಲಿಸದೇ ಇದ್ದುದರಿಂದಲೇ ನಮ್ಮ ಸಂಸಾರ ಇನ್ನೂ ಬೀದಿಗೆ ಬಂದಿಲ್ಲ ಎಂಬುದು ನನ್ನ ವಾದ.

ನನ್ನದು ಡ್ರೈವಿಂಗ್ ಸ್ಕೂಲು. ವಾರವಿಡೀ ಪರರ ಹೆಂಡಂದಿರಿಗೆ ‘ಪರವಾಗಿಲ್ಲಮ್ಮ, ನಿಧಾನ’ ಎಂದು ಹೇಳಿ ಹೇಳಿ, ಭಾನುವಾರದ ಹೊತ್ತಿಗೆ ನನ್ನಲ್ಲಿ ತಾಳ್ಮೆಯ ಟ್ಯಾಂಕು ಖಾಲಿಯಾಗಿರುತ್ತದೆ. ನನ್ನವಳು ಮನೆಯಲ್ಲೇ ಶಾಲಾ ಯೂನಿಫಾರಂ ಹೊಲಿಯುತ್ತಾಳೆ. ಹೊಲಿದ ಗಂಟುಗಳನ್ನು ಎರಡು ಕೈಯಲ್ಲೂ ಹಿಡಿದು ಅವಳು ಆಟೊಗೆ ಕಾಯುವಾಗ, ಪಕ್ಕದಲ್ಲೇ ನನ್ನ ಕಾರು ರಜೆಯ ಸುಖ ಅನುಭವಿಸುತ್ತ ನಿಂತಿರುತ್ತದೆ. ಆ ದೃಶ್ಯದಿಂದ ಅವಳಿಗೆ ಪ್ರತಿ ಭಾನುವಾರವೂ ಅದೇ ಪ್ರಶ್ನೆ ಹುಟ್ಟುತ್ತದೆ, ನನಗೆ ಪ್ರತಿ ಭಾನುವಾರವೂ ಹೊಸ ನೆಪ. ಒಮ್ಮೆ ಕ್ಲಚ್ಚು, ಒಮ್ಮೆ ಟೈರು, ಒಮ್ಮೆ ನನ್ನ ಸೊಂಟ.

ನೆಪಗಳ ದಾಸ್ತಾನು ಮುಗಿದಿದ್ದ ಒಂದು ಭಾನುವಾರ, ವಿಜ್ಞಾನ ಓದುವ ನಮ್ಮ ಮಗಳು ಪೇಪರಿನಲ್ಲಿ ಬಂದ ಸುದ್ದಿ ಹೇಳಿದಳು. ಆರ್ದ್ರಾ ಎಂಬ ಕೆಂಪು ಮಹಾದೈತ್ಯ ನಕ್ಷತ್ರಕ್ಕೆ ಮುಪ್ಪು ಬಂದಿದೆಯಂತೆ. ಒಂದಲ್ಲ ಒಂದು ದಿನ ಅದು ಸಿಡಿಯುವುದು ಖಂಡಿತವಂತೆ. ನಮಗೇನೂ ಅಪಾಯವಿಲ್ಲ, ಆದರೆ ಹಗಲಲ್ಲೂ ನಕ್ಷತ್ರ ಕಾಣುತ್ತದಂತೆ. (ನನ್ನ ಪಕ್ಕ ಕೂತು ಗಾಡಿ ಕಲಿತವರಿಗೆ ಇದರಲ್ಲಿ ಹೊಸದೇನೂ ಇಲ್ಲ.) ಯಾವಾಗ ಎಂದು ಕೇಳಿದೆ. ನಾಳೆಯೂ ಆಗಬಹುದು, ಲಕ್ಷ ವರ್ಷವೂ ಆಗಬಹುದು ಎಂದಳು.

ಲಕ್ಷ ವರ್ಷ ಎಂಬ ಮಾತು ನನ್ನ ಕಿವಿಗೆ ಜೇನಿನಂತೆ ಬಿತ್ತು. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಭೀಷ್ಮಪ್ರತಿಜ್ಞೆ ಮಾಡಿಯೇಬಿಟ್ಟೆ.

“ಆ ನಕ್ಷತ್ರ ಸಿಡಿದ ದಿನ ನಿನಗೆ ಕಾರು ಕಲಿಸ್ತೀನಿ. ಮಗಳೇ ಸಾಕ್ಷಿ.”

ಜಗಳ ಬರುತ್ತದೆಂದು ಸಿದ್ಧನಾಗಿ ನಿಂತೆ. ಬರಲಿಲ್ಲ. ಅವಳು ಸೂಜಿಗೆ ದಾರ ಪೋಣಿಸಿಕೊಂಡು, ಆಗಲಿ ಎಂದಳು. ನನಗೆ ಅವಳ ಜಗಳದ ಭಯವಿಲ್ಲ. ಈ ‘ಆಗಲಿ’ಯ ಭಯವಿದೆ.

ಅಂದಿನಿಂದ ಸಂಜೆ ಒಣಗಿದ ಬಟ್ಟೆ ತರಲು ತಾಯಿ ಮಗಳು ಒಟ್ಟಿಗೇ ತಾರಸಿ ಹತ್ತತೊಡಗಿದರು. ಬಟ್ಟೆ ತಂದಷ್ಟೇ ಶ್ರದ್ಧೆಯಿಂದ ಸುದ್ದಿಯನ್ನೂ ತಂದರು. ನಕ್ಷತ್ರ ಮಂಕಾಗುತ್ತಿದೆಯಂತೆ. ಸಾಯುವ ಕಾಲ ಹತ್ತಿರವಾಯಿತೇನೋ ಎಂದು ಕೆಲವರು ಅನ್ನುತ್ತಿದ್ದಾರಂತೆ. ನನಗೆ ಅನ್ನ ಸೇರದಾಯಿತು. ಕೆಟ್ಟದ್ದು ನಕ್ಷತ್ರವಾದರೂ ಗ್ರಹಚಾರ ನನ್ನದು. ಕೊನೆಗೆ ನಾನೂ ತಾರಸಿ ಹತ್ತಿ, ಅದು ಇನ್ನೂ ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಊಟಕ್ಕೆ ಕೂರುವಂತಾಯಿತು. ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ಅದು ಯಾವಾಗ ಹೋಗುತ್ತದೋ ಎಂದು ಕಾಯುತ್ತಿದ್ದಾಗ, ಅದಕ್ಕೆ ದೀರ್ಘಾಯುಸ್ಸು ಕೋರಿದವನು ನಾನೊಬ್ಬನೇ ಇರಬೇಕು.

ನನ್ನ ಹಾರೈಕೆ ಫಲಿಸಿತು. ನಕ್ಷತ್ರ ಮತ್ತೆ ಬೆಳಗಿತು. ಅದೇ ಉಗುಳಿದ ಧೂಳು ಅದಕ್ಕೇ ಅಡ್ಡ ಬಂದಿತ್ತಂತೆ. ಅಂದು ಸಂಜೆ ನಾನು ಐಸ್‌ಕ್ರೀಂ ತಂದು, ಎಲ್ಲರ ಬಟ್ಟಲಿಗೂ ಧಾರಾಳವಾಗಿ ಬಡಿಸಿ, ಇನ್ನು ಲಕ್ಷ ವರ್ಷ ನಿಶ್ಚಿಂತೆ ಎಂದು ಘೋಷಿಸಿದೆ.

ಹೆಂಡತಿ ಐಸ್‌ಕ್ರೀಂ ಮುಗಿಸಿ, ಚಮಚ ಕೆಳಗಿಟ್ಟು, ಆ ನಕ್ಷತ್ರ ಎಷ್ಟು ದೂರ ಎಂದು ಮಗಳನ್ನು ಕೇಳಿದಳು. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಐನೂರು ವರ್ಷಕ್ಕೂ ಮೇಲೆ ಬೇಕು ಎಂದಳು ಮಗಳು.

“ಅಂದ್ರೆ ಈಗ ಕಾಣ್ತಿರೋದು ಹಳೇದು. ಅದು ಆಗಲೇ ಸಿಡಿದುಹೋಗಿರಬಹುದಲ್ವಾ?”

“ಹೋಗಿರಬಹುದಮ್ಮ. ಸುದ್ದಿ ಬಂದಿಲ್ಲ, ಅಷ್ಟೇ.”

ಅವಳು ನನ್ನ ಕಡೆ ತಿರುಗಿದಳು. “ನೀವು ಸಿಡಿದ ದಿನ ಅಂದ್ರಿ. ಕಂಡ ದಿನ ಅನ್ನಲಿಲ್ಲ.”

“ಸಿಡಿದಿದೆ ಅಂತ ನಿನಗೆ ಹೇಗೆ ಗೊತ್ತು?”

“ಸಿಡಿದಿಲ್ಲ ಅಂತ ನಿಮಗೆ ಹೇಗೆ ಗೊತ್ತು?”

ಸಹಾಯಕ್ಕಾಗಿ ಮಗಳ ಮುಖ ನೋಡಿದೆ. ಸಾವಿರಾರು ರೂಪಾಯಿ ಫೀಸು ತಿಂದ ವಿಜ್ಞಾನ ತಾಯಿಯ ಪಕ್ಷ ಸೇರಿತ್ತು. ಅಮ್ಮನ ಮಾತಲ್ಲಿ ತಪ್ಪೇನೂ ಇಲ್ಲವೆಂದು ಹೇಳಿ, ಅವಳು ನನ್ನ ಬಟ್ಟಲಲ್ಲಿ ಉಳಿದಿದ್ದ ಐಸ್‌ಕ್ರೀಮನ್ನೂ ಎಳೆದುಕೊಂಡಳು. ಲೈಸೆನ್ಸು ಎಂಬ ಕೊನೆಯ ಅಸ್ತ್ರ ಬಿಟ್ಟೆ. ನನ್ನವಳು ಒಳಗೆ ಹೋಗಿ, ಕಲಿಯುವವರಿಗೆ ಕೊಡುವ ಎಲ್‌ಎಲ್ ತಂದು ಮೇಜಿನ ಮೇಲಿಟ್ಟಳು. ಯಾವಾಗ ಮಾಡಿಸಿದ್ದಳೋ ಕೇಳುವ ಧೈರ್ಯವಾಗಲಿಲ್ಲ.

ಮುಂದಿನ ಭಾನುವಾರ ಮೈದಾನಕ್ಕೆ ಹೋದೆವು. ಟೆಸ್ಟು ಹತ್ತಿರವಿದ್ದ ನನ್ನ ಶಿಷ್ಯೆ, ಹಲ್ಲಿನ ಡಾಕ್ಟರಮ್ಮ, ಅಭ್ಯಾಸಕ್ಕೆಂದು ಬಂದು ಹಿಂದಿನ ಸೀಟಿನಲ್ಲಿ ಕೂತರು. (ಊರಿನವರ ಬಾಯಿ ತೆಗೆಸುವ ಅವರು ನನ್ನ ಕಾರಿನಲ್ಲಿ ಮಾತ್ರ ಬಾಯಿ ತೆರೆದವರಲ್ಲ.) ನನ್ನವಳು ಸ್ಟಾರ್ಟ್ ಮಾಡಿ, ಗೇರು ಹಾಕಿ, ಕ್ಲಚ್ಚು ಬಿಟ್ಟಳು. ಗಾಡಿ ಒಂದು ಸಲ ಬಿಕ್ಕಳಿಸಿ ಆಫ್ ಆಯಿತು. ಕ್ಲಚ್ಚು ಎಂದರೆ ಹೊಲಿಗೆ ಮಿಷನ್ನಿನ ಪೆಡಲ್ಲಲ್ಲ ಎಂದೆ. ಮತ್ತೆ ಆಫ್. ಕಣ್ಣಿದೆಯೇ, ಕಾಲಿದೆಯೇ, ಕಿವಿಯಾದರೂ ಇದೆಯೇ ಎಂದೆ. ಮತ್ತೆ ಆಫ್. ನಕ್ಷತ್ರ ಸಿಡಿಯಿತೋ ಇಲ್ಲವೋ, ನಾನು ಸಿಡಿದೆ. ಇಂಥ ದಡ್ಡ ಶಿಷ್ಯರನ್ನು ಈ ಜನ್ಮದಲ್ಲಿ ಕಂಡಿಲ್ಲ ಎಂದು ಕೂಗಾಡಿದೆ.

ಹಿಂದಿನಿಂದ ಡಾಕ್ಟರಮ್ಮನ ಮೆಲುದನಿ ಬಂತು.

“ಸರ್, ನಿಮ್ಮ ಕಾಲು ಬ್ರೇಕ್ ಮೇಲಿದೆ.”

ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕಿರುತ್ತದೆ, ಆಪತ್ಕಾಲಕ್ಕೆ. ಬಗ್ಗಿ ನೋಡಿದೆ. ನನ್ನ ಬಲಗಾಲು ಅದನ್ನು ಬೇರುಬಿಟ್ಟಂತೆ ಒತ್ತಿ ಹಿಡಿದಿತ್ತು. ತೆಗೆಯಲು ನೋಡಿದೆ, ಬರಲಿಲ್ಲ. ಹೆಂಡತಿ ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆಗೆದು, ಹಿಂದೆ ಕೂತ್ಕೊಳ್ಳಿ ಎಂದಳು. ಡಾಕ್ಟರಮ್ಮ ಮುಂದೆ ಬಂದರು.

ಗಾಡಿ ಹೊರಟಿತು. ಬೆಣ್ಣೆಯ ಮೇಲೆ ಚಾಕು ಹೋದಂತೆ ಮೈದಾನ ಸುತ್ತಿತು. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಹಿಂದಿನಿಂದ ಕೇಳಿದೆ.

“ದಿನಾ ಊಟಕ್ಕೆ ಕೂತು ಇವತ್ತು ಯಾರು ಏನು ತಪ್ಪು ಮಾಡಿದ್ರು ಅಂತ ಹೇಳ್ತಿದ್ರಲ್ಲ. ಅದನ್ನೆಲ್ಲ ಬಿಟ್ಟು ಮಾಡ್ದೆ.”

ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ತುಳಿದು ತುಳಿದು ನನ್ನ ಮೀನಖಂಡ ಹಿಡಿದುಕೊಂಡಿತು. ಇಳಿಯುವಾಗ ಡಾಕ್ಟರಮ್ಮ, ನಾಳೆ ತಮ್ಮ ಪಾಠಕ್ಕೂ ಸರ್ ಹಿಂದೆಯೇ ಕೂರಬಹುದೇ ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ.

ನನ್ನವಳು ಕೈಬ್ರೇಕ್ ಎಳೆದು, ಹಿಂದೆ ತಿರುಗಿಯೂ ನೋಡದೆ ಹೇಳಿದಳು.

“ಕೂರ್ತಾರೆ.”