ಗಾಜಿನ ಬಾಗಿಲಿನ ಕೆಂಪು ಟೇಪು

ನಮ್ಮ ಚಿಕ್ಕಮ್ಮನ ಕೈಗೆ ಹೊಸ ವಸ್ತು ಕೊಡುವವರು ಅದರ ಹೆಸರನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಬೇಕಿತ್ತು. ಯಾಕೆಂದರೆ ಅದರ ಮೇಲಿನ ಚೀಟಿ ಸಂಜೆಯವರೆಗೆ ಉಳಿಯುವ ಮಾತೇ ಇರಲಿಲ್ಲ. ಪಾತ್ರೆ, ಮಿಕ್ಸಿ, ಫ್ರಿಜ್ಜು, ಔಷಧಿ ಬಾಟಲಿ ಏನೇ ಇರಲಿ, ಅಂಟಿಸಿದ ಕಾಗದ ಕಂಡರೆ ಅವರ ಉಗುರು ತಾನಾಗಿಯೇ ಕೆಲಸಕ್ಕಿಳಿಯುತ್ತಿತ್ತು. ಒಂದು ಚಳಿಗಾಲ ಚಿಕ್ಕಪ್ಪ ಮೂರು ದಿನ ಕೆಮ್ಮಿನ ಔಷಧಿಯನ್ನು ಮಂಡಿಗೆ ತಿಕ್ಕಿಕೊಂಡರು. ನೋವು ಇಳಿಯಿತು ಎಂದೂ ಹೇಳಿದರು. ನಾಲ್ಕನೇ ದಿನ ಮಂಡಿಗೆ ಇರುವೆ ಮುತ್ತಿದ ಮೇಲೇ ವಿಷಯ ಗೊತ್ತಾದದ್ದು.

ಆಗ ನಾನು ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಹೊಸದಾಗಿ ಟೀಚರಾಗಿ ಸೇರಿ, ಅವರ ಮನೆಯಲ್ಲೇ ಇದ್ದೆ. ಮನೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಮತ್ತು ಚಿಕ್ಕಪ್ಪನ ತಾಯಿ. ಅವರನ್ನು ನಾವೆಲ್ಲ ಅಜ್ಜಮ್ಮ ಎನ್ನುತ್ತಿದ್ದೆವು. ಆ ವರ್ಷ ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದು, ಚಿಕ್ಕಪ್ಪ ಹಾಲಿಗೂ ಹಿತ್ತಿಲಿಗೂ ನಡುವೆ ಆಳೆತ್ತರದ ಗಾಜಿನ ಬಾಗಿಲು ಹಾಕಿಸಿದರು. ಮೈಸೂರಿನಿಂದ ಬಂದ ಕೆಲಸಗಾರರು ಅದರ ಮೇಲೆ ಅಡ್ಡಡ್ಡ ಎರಡು ಕೆಂಪು ಟೇಪು ಅಂಟಿಸಿ, ತೆಗೆಯಬೇಡಿ ಎಂದು ಮೂರು ಸಲ ಹೇಳಿ ಹೋದರು. ಅವರು ಹತ್ತಿದ ಬಸ್ಸು ಹುಣಸೂರು ದಾಟಿತ್ತೋ ಇಲ್ಲವೋ, ಚಿಕ್ಕಮ್ಮ ಸೀಮೆಎಣ್ಣೆ, ಬ್ಲೇಡು ಹಿಡಿದು ನಿಂತಿದ್ದರು.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಪೇಪರ್ ಓದುತ್ತಾ ಹಿತ್ತಿಲಿಗೆ ಹೊರಟರು. ಹಿತ್ತಿಲು ತಲುಪಲಿಲ್ಲ. ಊದಿದ ಮೂಗು ಹೊತ್ತು ಹೊಗೆಸೊಪ್ಪಿನ ಹರಾಜಿಗೆ ಹೋದರೆ ಅಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಹೊಡೆದವರು ಯಾರು? ಬಾಗಿಲು ಎಂದರೆ ಯಾರು ನಂಬುತ್ತಾರೆ? ಎಲ್ಲರೂ ಚಿಕ್ಕಮ್ಮನ ಕ್ಷೇಮಸಮಾಚಾರ ಕೇಳಿ ನಕ್ಕು ಕಳುಹಿಸಿದರು.

ಸಿಟ್ಟಿನಿಂದ ಮನೆಗೆ ಬಂದ ಚಿಕ್ಕಪ್ಪ ಟೇಪು ಅಂಟಿಸಿದರು. ಚಿಕ್ಕಮ್ಮ ಕಿತ್ತರು. ಮತ್ತೆ ಅಂಟಿಸಿದರು, ಮತ್ತೆ ಕಿತ್ತರು. ಕೊನೆಗೆ ಚಿಕ್ಕಪ್ಪ ಕಾರಣ ಕೇಳಿದಾಗ ಬಂದ ಉತ್ತರ ಇದು:

"ಕಾಣ್ದೇ ಇರ್ಲಿ ಅಂತ್ಲೇ ಅಲ್ವಾ ಗಾಜು ಆಕ್ಸಾದು? ಕಾಣಂಗಿರ್ಬೇಕು ಅಂದ್ರೆ ಅಲಗೆನೇ ಆಕ್ಸಬೋದಿತ್ತು."

ಅಲ್ಲಿಂದ ಮುಂದೆ ನಾವಿಬ್ಬರೂ ಹಿತ್ತಿಲಿಗೆ ಹೋಗುವಾಗ ಒಂದು ಕೈ ಮುಂದೆ ಚಾಚಿಕೊಂಡೇ ನಡೆಯುವುದನ್ನು ಕಲಿತೆವು.

ನಗು ನಿಂತದ್ದು ಅಜ್ಜಮ್ಮನ ಕಣ್ಣಿನ ಆಪರೇಷನ್ ಆದ ಮೇಲೆ. ಏಳೆಂಟು ವರ್ಷಗಳಿಂದ ಪೊರೆ ಬಂದು ಅವರಿಗೆ ಮನುಷ್ಯರೆಲ್ಲ ನೆರಳಿನಂತೆ ಕಾಣುತ್ತಿದ್ದರು. ಮೈಸೂರಿನಲ್ಲಿ ಆಪರೇಷನ್ ಮಾಡಿದ ಡಾಕ್ಟರು, ತಲೆಗೆ ಸಣ್ಣ ಪೆಟ್ಟು ಬಿದ್ದರೂ ಕಣ್ಣು ಹೋದಂತೆಯೇ ಎಂದು ಹೇಳಿ ಕಳುಹಿಸಿದ್ದರು. ಅಂದೇ ಚಿಕ್ಕಪ್ಪ ಟೇಪು ಅಂಟಿಸಿದರು. ಅಜ್ಜಮ್ಮ ಒಬ್ಬರೇ ಒಂದು ಹೆಜ್ಜೆಯೂ ಇಡುವುದಿಲ್ಲ, ಜೊತೆಗೆ ತಾವೇ ಇರುವುದಾಗಿ ವಾದಿಸಿ ಚಿಕ್ಕಮ್ಮ ಅದನ್ನೂ ಕಿತ್ತರು. ಹೇಳಿದಂತೆ ಹತ್ತು ದಿನ ನೆರಳಾಗಿ ಇದ್ದದ್ದೂ ನಿಜ.

ಆಪರೇಷನ್ ನಂತರ ಹಾಕಿದ್ದ ಕಪ್ಪು ಕನ್ನಡಕವನ್ನು ತೆಗೆಯಬಹುದು ಎಂದು ಡಾಕ್ಟರು ಹೇಳಿದ್ದ ದಿನ ಭಾನುವಾರ. ಚಿಕ್ಕಮ್ಮ ಅಜ್ಜಮ್ಮನನ್ನು ಹಾಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿ, ನನ್ನನ್ನು ಕಾವಲಿಗಿಟ್ಟು, ಹಿತ್ತಿಲಿನಲ್ಲಿ ಸಂಡಿಗೆ ಇಡಲು ಹೋದರು. ನಾನು ಅಜ್ಜಮ್ಮನ ಕನ್ನಡಕ ತೆಗೆದು, ಕಣ್ಣಿಗೆ ಹಾಕುವ ಔಷಧಿ ತರಲು ರೂಮಿಗೆ ಹೋದೆ. ಅಲ್ಲಿ ಮೂರು ಪುಟ್ಟ ಬಾಟಲಿಗಳಿದ್ದವು, ಒಂದರ ಮೇಲೂ ಚೀಟಿ ಇರಲಿಲ್ಲ. ಯಾವುದೆಂದು ಕೇಳೋಣವೆಂದು ಮೂರನ್ನೂ ಹಿಡಿದು ಹೊರಗೆ ಬಂದರೆ ಕುರ್ಚಿ ಖಾಲಿ.

ಅಜ್ಜಮ್ಮ ಹಿತ್ತಿಲಿನ ಕಡೆ ನಡೆಯುತ್ತಿದ್ದರು. ತಡಕಾಡುತ್ತಾ ಅಲ್ಲ, ಎಷ್ಟೋ ವರ್ಷಗಳ ನಂತರ ನೇರವಾಗಿ, ಬಿರಬಿರನೆ, ಮುಖ ಮುಂದೆ ಚಾಚಿಕೊಂಡು. ಮುಚ್ಚಿದ ಗಾಜು ಅವರಿಂದ ನಾಲ್ಕು ಹೆಜ್ಜೆ ದೂರವಿತ್ತು. ಕೂಗಿದರೆ ಬೆಚ್ಚಿ ಮುಂದಕ್ಕೆ ಬಿದ್ದಾರು, ಓಡಿದರೆ ತಲುಪಲಾರೆ.

ಗಾಜಿನ ಆಚೆ ಚಿಕ್ಕಮ್ಮ ತಲೆ ಎತ್ತಿದರು. ಅವರು ಏನೋ ಅರಚಿದ್ದು ಕಾಣಿಸಿತು, ಕೇಳಿಸಲಿಲ್ಲ. ಮರುಕ್ಷಣವೇ ಎದ್ದು, ಬೆಳಗಿನಿಂದ ಇಟ್ಟ ಸಂಡಿಗೆಯನ್ನೆಲ್ಲ ತುಳಿದುಕೊಂಡು ಓಡಿಬಂದು, ಹಿಟ್ಟು ಮೆತ್ತಿದ ಎರಡೂ ಅಂಗೈಗಳನ್ನು ಪಟಾರನೆ ಗಾಜಿಗೆ ಬಡಿದರು.

ಅಜ್ಜಮ್ಮ ನಿಂತರು. ಅವರ ಹಣೆಗೂ ಗಾಜಿಗೂ ನಡುವೆ ಒಂದು ಗೇಣು ಜಾಗವಿತ್ತು.

ನಾನು ಹೋಗಿ ಬಾಗಿಲು ಸರಿಸಿದೆ. ಚಿಕ್ಕಮ್ಮ ಅತ್ತೆಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಅಜ್ಜಮ್ಮನಿಗೆ ಮಾತ್ರ ಏನೂ ಆದಂತಿರಲಿಲ್ಲ. ಸೊಸೆಯ ಗಲ್ಲ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಅಲ್ಲ ಕಣವ್ವ, ಇಷ್ಟೊಂದು ನರೆತೋಗಿದೀಯ. ಕುಂತಿದ್ ತಾವಿಂದ್ಲೇ ಕಾಣ್ತು, ನೋಡಾನ ಅಂತ ಎದ್ ಬಂದೆ. ನಂಗ್ಯಾರೂ ಯೋಳ್ನೇ ಇಲ್ವಲ್ಲ."

ಚಿಕ್ಕಮ್ಮ ಹಿತ್ತಿಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಜ್ಜಮ್ಮ ಅವರ ಹಿಂದೆ ಕೂತು, ತುರುಬು ಬಿಚ್ಚಿ, ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡತೊಡಗಿದರು. ಚಿಕ್ಕಮ್ಮನ ಭುಜ ಅಲುಗುತ್ತಿತ್ತು. ಗಾಜಿನ ಮೇಲೆ ಹಿಟ್ಟಿನ ಎರಡು ಅಂಗೈ ಗುರುತು ಒಣಗುತ್ತಿದ್ದುದನ್ನು ಕಂಡು ಒರೆಸಲು ನಾನು ಒದ್ದೆ ಬಟ್ಟೆ ತಂದೆ.

ಚಿಕ್ಕಮ್ಮ ತಿರುಗಿ ನೋಡದೆಯೇ ಹೇಳಿದರು, "ಇರ್ಲಿ ಬುಡು."