ಮೆಂತ್ಯದ ಹಿಟ್ಟಿಗೆ ನಾಲ್ಕು ಸಾಲು

ಇವನಿಗೆ ಬರೆಯಲು ಬರುತ್ತದೆ ಎಂಬ ಸುದ್ದಿ ಒಮ್ಮೆ ನೆಂಟರಿಷ್ಟರಲ್ಲಿ ಹಬ್ಬಿಬಿಟ್ಟರೆ ಅದನ್ನು ಸುಳ್ಳು ಮಾಡುವುದು ಬಹಳ ಕಷ್ಟ. ನನ್ನ ವಿಷಯದಲ್ಲಿ ಆ ಸುದ್ದಿ ಹಬ್ಬಿದ್ದು ಪತ್ರಿಕೆಗೆ ಬರೆದ ಓದುಗರ ಪತ್ರಗಳಿಂದ. ನಮ್ಮ ರಸ್ತೆಯ ಫುಟ್‌ಪಾತ್ ಅಗೆದು ಮುಚ್ಚದೆ ಬಿಟ್ಟಾಗ ಒಂದು, ಬೀದಿದೀಪ ಮಟಮಟ ಮಧ್ಯಾಹ್ನ ಉರಿಯುತ್ತಿದ್ದಾಗ ಒಂದು, ಪಾರ್ಕಿನ ಗೇಟಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬೀಗ ಬಿದ್ದಾಗ ಒಂದು, ಹೀಗೆ ಏಳೆಂಟು ಪತ್ರ ಅಚ್ಚಾದವು. ಅಷ್ಟಕ್ಕೇ ನಾನು ನಮ್ಮ ಬಳಗದಲ್ಲಿ ‘ಬರೆಯೋರು’ ಆದೆ. ಮದುವೆಯ ಕರೆಯೋಲೆ ತಿದ್ದಲು ನನ್ನ ಬಳಿಗೇ ತರುತ್ತಿದ್ದರು. ನಾನೂ ದೊಡ್ಡ ಮನಸ್ಸು ಮಾಡಿ, ಒಂದು ಅಲ್ಪವಿರಾಮ ತೆಗೆದು ಕೊಡುತ್ತಿದ್ದೆ.

ನನ್ನ ಹೆಂಡತಿ ಸರೋಜ ಮಾಡುವ ಮೆಂತ್ಯದ ಹಿಟ್ಟು ಮೂವತ್ತು ವರ್ಷದಿಂದ ಹನುಮಂತನಗರದ ನಮ್ಮಕ್ಕನ ಮನೆಗೆ, ತಲಘಟ್ಟಪುರದ ಷಡ್ಡಕನ ಮನೆಗೆ, ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವರಿಗೆ ಪುಕ್ಕಟೆ ಹೋಗುತ್ತಿತ್ತು. ಹೋದ ಡಬ್ಬಿಗಳೂ ವಾಪಸು ಬರುತ್ತಿರಲಿಲ್ಲ. ಅಕ್ಕನ ಮಗಳು ದೀಪಾ ಒಂದು ದಿನ, “ಅತ್ತೆ, ಸುಮ್ನೆ ಹಂಚ್ತಿದೀರಲ್ಲ, ಮಾರಿ. ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ರೆ ಸಖತ್ತಾಗಿ ಹೋಗತ್ತೆ” ಎಂದಳು. ಸರೋಜ ಆಗ ನಕ್ಕುಬಿಟ್ಟಳು. ಆದರೆ ಮರುದಿನವೇ ಬೇಳೆಕಾಳು ತರಿಸಿ, ಹುರಿದು, ಮಿಲ್ಲಿನಲ್ಲಿ ಬೀಸಿಸಿ, ಕಾಲು ಕೇಜಿಯ ಇಪ್ಪತ್ತು ಪೊಟ್ಟಣ ಕಟ್ಟಿ ಜೋಡಿಸಿಟ್ಟಳು. ಗ್ರೂಪಿನಲ್ಲಿ ವ್ಯಾಪಾರದ ಮಾತಿಗೆ ಭಾನುವಾರ ಮಾತ್ರ ಅವಕಾಶ. “ರೀ, ಮಾಡೋದು ನನಗೆ ಬರತ್ತೆ, ಅದರ ಬಗ್ಗೆ ಹೇಳೋದು ಬರಲ್ಲ. ನಾಲ್ಕು ಸಾಲು ಬರ್ದುಕೊಡಿ” ಎಂದಳು. ಮದುವೆಯಾದಾಗಿನಿಂದ ನನ್ನ ಬರವಣಿಗೆಯಿಂದ ಅವಳು ಕೇಳಿದ ಮೊದಲ ಉಪಕಾರ ಅದು.

ನಾಲ್ಕು ಸಾಲು ತಾನೆ ಎಂದು ಕುಳಿತೆ. ‘ಮೆಂತ್ಯದ ಹಿಟ್ಟು’ ಎಂದು ಬರೆದು ಅಡಿಗೆರೆ ಎಳೆದೆ. ಆಮೇಲೆ ‘ರುಚಿಯಾಗಿರುತ್ತದೆ’ ಎಂದು ಬರೆದು ಹೊಡೆದುಹಾಕಿದೆ. ‘ಬಹಳ ರುಚಿಯಾಗಿರುತ್ತದೆ’ ಎಂದು ಬರೆದೆ. ಅದನ್ನು ಓದಿದರೆ ಮಾರುವವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೇ ಅನುಮಾನ ಬಂತು. ಕಾಫಿ ಕುಡಿದೆ. ಪೆನ್ನು ಸರಿಯಿಲ್ಲವೆಂದು ಬದಲಾಯಿಸಿದೆ. ಕುರ್ಚಿ ಸರಿಯಿಲ್ಲವೆಂದು ಬಾಲ್ಕನಿಗೆ ಹೋದೆ, ಅಲ್ಲಿ ಬಿಸಿಲು. “ಕುಣಿಯಲಾರದವಳಿಗೆ ನೆಲ ಡೊಂಕಂತೆ” ಎಂದು ಅಡುಗೆಮನೆಯಿಂದ ದನಿ ಬಂತು. ಬರವಣಿಗೆಗೆ ಮೂಡ್ ಬರಬೇಕು ಎಂದು ವಿವರಿಸಿದೆ. “ನಿಮಗೆ ಮೂಡ್ ಬರೋಷ್ಟ್ರಲ್ಲಿ ಹಿಟ್ಟಿನ ಘಮ ಹೋಗತ್ತೆ” ಎಂದಳು. ಹಾಗೆ ಒಂದು ಭಾನುವಾರ ಹೋಯಿತು, ಇನ್ನೊಂದೂ ಹೋಯಿತು.

ಯಾಕೆ ಹೀಗೆ ಎಂದು ಯೋಚಿಸಿದರೆ ತಪ್ಪು ನನ್ನ ನೌಕರಿಯದು ಅನ್ನಿಸುತ್ತದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ನಾನು ಹೊಲಿದು ಬಂದ ಅಂಗಿಗಳನ್ನು ತಪಾಸಣೆ ಮಾಡುತ್ತಿದ್ದೆ. ಎಲ್ಲಿ ದಾರ ಬಿಟ್ಟಿದೆ, ಯಾವ ಗುಂಡಿ ವಾಲಿದೆ, ಯಾವ ತೋಳು ಕೂದಲೆಳೆಯಷ್ಟು ಗಿಡ್ಡ ಎಂದು ಹುಡುಕಿ ಬರೆಯುವುದಕ್ಕೇ ನನಗೆ ಸಂಬಳ. ಅಂಗಿ ಚೆನ್ನಾಗಿದ್ದರೆ ಮಾತಿಲ್ಲದೆ ಪೆಟ್ಟಿಗೆಗೆ ಹೋಗುತ್ತಿತ್ತು. ಚೆನ್ನಾಗಿದೆ ಎಂದು ಬರೆಯಲು ನಮ್ಮ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ. ಪತ್ರಿಕೆಗೆ ಬರೆದದ್ದೂ ಅದೇ ಜಾತಿ. ಒಟ್ಟಿನಲ್ಲಿ ನನ್ನ ಸಮಸ್ತ ಸಾಹಿತ್ಯವೂ ದೂರು. ಊಟದ ವಿಷಯದಲ್ಲೂ ಅಷ್ಟೇ. ಉಪ್ಪು ಹೆಚ್ಚಾದ ದಿನ ಹೇಳುತ್ತಿದ್ದೆ, ಉಳಿದ ದಿನ ತಟ್ಟೆ ಖಾಲಿ ಮಾಡಿ ಎದ್ದು ಕೈ ತೊಳೆಯುತ್ತಿದ್ದೆ.

ಎರಡನೆಯ ಭಾನುವಾರದ ಸಂಜೆ ಸರೋಜ, “ಬಿಡಿ, ಮುಂದಿನ ವಾರವೂ ಆಗ್ಲಿಲ್ಲ ಅಂದ್ರೆ ಯಾವಾಗಿನ ಹಾಗೆ ಹಂಚಿಬಿಡ್ತೀನಿ. ಈ ವ್ಯಾಪಾರ ಎಲ್ಲ ನಮಗಲ್ಲ” ಎಂದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಸಿಟ್ಟಿರಲಿಲ್ಲ. ಹೇಳುತ್ತಲೇ ಪೊಟ್ಟಣಗಳ ಮೇಲಿನ ಧೂಳು ಒರೆಸಿದಳು. ನನಗೆ ನಿಜವಾಗಿಯೂ ಬೇಜಾರಾಯಿತು.

ಬೇರೆಯವರು ಹೇಗೆ ಬರೆಯುತ್ತಾರೆ ನೋಡೋಣವೆಂದು ಶನಿವಾರ ಬೆಳಿಗ್ಗೆ ಜಯನಗರಕ್ಕೆ ಹೋಗಿ ಯಾವುದೋ ಕಂಪನಿಯ ಮೆಂತ್ಯದ ಹಿಟ್ಟಿನ ಪೊಟ್ಟಣ ತಂದೆ. ಅದರ ಮೇಲೆ ‘ಅಮ್ಮನ ಕೈರುಚಿ’ ಎಂದಿತ್ತು. ನಾಚಿಕೆ ಬಿಟ್ಟು ಅದನ್ನೇ ಕಾಗದಕ್ಕೆ ಇಳಿಸಿ ಸರೋಜಳಿಗೆ ತೋರಿಸಿದೆ.

“ಯಾವ ಅಮ್ಮ?” ಎಂದಳು. “ನಮ್ಮಮ್ಮ ಮೆಂತ್ಯ ಹುರಿಯೋಕೆ ಹೋಗಿ ಸೀಸ್ತಿದ್ರು. ನಿಮ್ಮಮ್ಮ ಅಂಗಡಿಯಿಂದ ತರಿಸ್ತಿದ್ರು.”

ಕಾಗದ ಹರಿದೆ. ದುಡ್ಡು ಕೊಟ್ಟು ತಂದದ್ದು ದಂಡವಾಗಬಾರದೆಂದು ಮಧ್ಯಾಹ್ನ ಅವಳು ಆ ಪೊಟ್ಟಣವನ್ನೇ ಒಡೆದು ನನ್ನ ಬಿಸಿ ಅನ್ನಕ್ಕೆ ಹಾಕಿ, ಮೇಲೆ ತುಪ್ಪ ಬಿಟ್ಟಳು. ಎರಡು ತುತ್ತು ತಿಂದೆ. ಮೂರನೆಯದು ಇಳಿಯಲಿಲ್ಲ. ಕೈ ತೊಳೆದವನೇ ಆ ಕಂಪನಿಗೆ ಕಾಗದ ಬರೆಯಲು ಕುಳಿತೆ. ಸ್ವಾಮಿ, ಎಲ್ಲ ಬೇಳೆಯನ್ನೂ ಒಂದೇ ಬಾಣಲೆಗೆ ಸುರಿದು ಹುರಿದಿದ್ದೀರಿ; ಉದ್ದು ಕಪ್ಪಾಗಿದೆ, ಕಡಲೆ ಹಸಿಯಾಗಿದೆ. ಮೆಂತ್ಯ ಹೆಸರಿನಲ್ಲಿ ಮಾತ್ರ ಇದೆ. ಖಾರ ಗಂಟಲಿಗೆ ಹೊಡೆಯುತ್ತದೆ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿದರೆ ಹಲ್ಲಿಗೆ ಏನು ಸಿಗಬೇಕು? ಪೆನ್ನು ಎಲ್ಲೂ ನಿಲ್ಲಲಿಲ್ಲ. ಕುರ್ಚಿ, ಬಿಸಿಲು ಯಾವುದೂ ಅಡ್ಡ ಬರಲಿಲ್ಲ. ಹಾಳೆಯ ಎರಡೂ ಮಗ್ಗುಲು ತುಂಬಿತು.

ಸರೋಜ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಪಾಪ, ಅವರಿಗೆ ಕಳಿಸ್ಬೇಡಿ. ಇದನ್ನೇ ತಿರುಗಿಸಿ ಬರೀರಿ. ಅದರಲ್ಲಿ ಏನೇನಿಲ್ವೋ ಅದು ನಮ್ಮದರಲ್ಲಿ ಇದ್ರೆ ಹೇಳಿ, ಇಲ್ದಿದ್ರೆ ಬೇಡ.”

ತಿರುಗಿಸಿದೆ. ‘ಬೇಳೆ ಬೇಳೆಗೂ ಬೇರೆ ಬೇರೆ ಹದ ನೋಡಿ ಹುರಿದದ್ದು. ಮೆಂತ್ಯ ಘಂ ಎಂದೊಡನೆ ಬಾಣಲೆ ಇಳಿಸಿದ್ದು; ಅದರ ಕಹಿ ನಾಲಿಗೆಗೆ ಗೊತ್ತಾಗುವಷ್ಟರಲ್ಲಿ ಹೋಗಿರುತ್ತದೆ. ಖಾರ ಅನ್ನ ಮುಗಿದ ಮೇಲೆ ಮೆಲ್ಲಗೆ ಬರುತ್ತದೆ. ಬೆರಳಿಗೆ ಚೂರು ತರಿ ಸಿಗುತ್ತದೆ, ತುಪ್ಪ ಹಾಕಿದರೆ ಪಲ್ಯ ಕೇಳುವುದಿಲ್ಲ.’ ಸರಿಯಾಗಿ ನಾಲ್ಕು ಸಾಲು. ಹೆಮ್ಮೆಯಿಂದ ಅವಳ ಕೈಗೆ ಕೊಟ್ಟೆ.

ಕನ್ನಡಕ ಹಾಕಿಕೊಂಡು ಓದಿದಳು. ಈ ಸಲ ನಗಲಿಲ್ಲ. ಮತ್ತೆ ಮೊದಲಿನಿಂದ ಓದಿದಳು.

“ಇದೆಲ್ಲ ನಿಮಗೆ ಗೊತ್ತಾಗ್ತಿತ್ತಾ?”

“ಯಾವುದು?”

“ಬೇರೆ ಬೇರೆ ಹುರಿಯೋದು, ಕಹಿ ಬಂದು ಹೋಗೋದು. ತಿಂದಾಗ್ಲೆಲ್ಲ ಗೊತ್ತಾಗ್ತಿತ್ತಾ?”

“ಗೊತ್ತಾಗದೆ ಏನು? ನಾಲಿಗೆ ಇಲ್ವಾ ನನಗೆ?”

“ಮತ್ತೆ ಮೂವತ್ತು ವರ್ಷದಲ್ಲಿ ಒಂದು ದಿನಾನೂ ಹೇಳ್ಲಿಲ್ಲ?”

ಹೀಗೆ ಕೇಳಿ, ಉತ್ತರಕ್ಕೆ ಕಾಯದೆ, ಕಾಗದ ಮಡಿಸಿ ತೆಗೆದುಕೊಂಡು ಒಳಗೆ ಹೋದಳು. ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಇಪ್ಪತ್ತು ಪೊಟ್ಟಣವೂ ಖಾಲಿ. ‘ಸೂಪರ್ ಆಂಟಿ’ ಎಂದು ಮುಖ ಕಂಡರಿಯದವರೆಲ್ಲ ಬರೆದರು. ಈಗ ಅವಳು ಪುಳಿಯೋಗರೆ ಪುಡಿಗೂ ಕೈ ಹಾಕಿದ್ದಾಳೆ. ಅದರ ಒಕ್ಕಣೆ ನನಗೆ ಹತ್ತು ನಿಮಿಷದ ಕೆಲಸ.

ಅವಳ ಪ್ರಶ್ನೆಗೆ ಉತ್ತರ ಮಾತ್ರ ಇನ್ನೂ ಬಾಕಿ. ಬಾಯಲ್ಲಿ ಹೇಳಲು ಹೋದರೆ ಮಾತು ಹೊರಡುವುದಿಲ್ಲ. ಹೇಗೂ ಉಪಾಯ ಗೊತ್ತಿದೆಯಲ್ಲ, ನನ್ನ ತಪ್ಪುಗಳನ್ನು ಪಟ್ಟಿ ಮಾಡಿ ತಿರುಗಿಸಿದರೆ ಅವಳ ಗುಣಗಳು ಸಿಕ್ಕಿಬಿಡುತ್ತವೆ ಎಂದು ಬರೆಯಲು ಕುಳಿತಿದ್ದೇನೆ. ಈ ಬಾರಿಯೂ ಪೆನ್ನು ಎಲ್ಲೂ ನಿಂತಿಲ್ಲ. ಮೂರನೆಯ ಹಾಳೆ ನಡೆಯುತ್ತಿದೆ. ತಿರುಗಿಸುವ ಕೆಲಸ ಇನ್ನೂ ಶುರುವಾಗಿಲ್ಲ.